ತೊಟ್ಟಿಲಿನ ಅಂದವೂ ಸರಳುಗಳ ಅಂತರವೂ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದು ಎನ್ನುತ್ತಾರೆ ಹಿರಿಯರು. ತೊಟ್ಟಿಲಿನ ವಿಷಯದಲ್ಲಿ ಮಾತ್ರ ಈ ಮಾತನ್ನು ಪಾಲಿಸಿದವರು ಕಡಿಮೆ. ಮಗು ಬರುವ ಮೊದಲೇ ತೊಟ್ಟಿಲು ಬಂದು ಕುಳಿತಿರುತ್ತದೆ. ಅದನ್ನು ಆರಿಸುವವರು ಅದರಲ್ಲಿ ಮಲಗುವವರಲ್ಲ. ಆದ್ದರಿಂದಲೇ ಏನೋ, ತೊಟ್ಟಿಲಿನ ಇತಿಹಾಸದಲ್ಲಿ ನೋಡುವವರ ಕಣ್ಣಿಗೆ ಸಿಕ್ಕ ಮನ್ನಣೆ ಮಲಗುವ ಕಂದನಿಗೆ ಬಹುಕಾಲ ಸಿಗಲಿಲ್ಲ.

1811ರಲ್ಲಿ ನೆಪೋಲಿಯನ್ನನಿಗೆ ಮಗ ಹುಟ್ಟಿದಾಗ ಪ್ಯಾರಿಸ್ ನಗರ ಒಂದು ತೊಟ್ಟಿಲನ್ನು ಕಾಣಿಕೆಯಾಗಿ ನೀಡಿತು. ವಿನ್ಯಾಸ ಚಿತ್ರಕಾರ ಪ್ರುದೋನ್‌ನದು. ಲೋಹದ ಕೆಲಸ ಓಡಿಯೋ ಮತ್ತು ತೋಮಿರ್ ಅವರದು. ಅದಕ್ಕೆ ಬಳಸಿದ ಬೆಳ್ಳಿ ಸುಮಾರು 280 ಕಿಲೋ! ತಲೆಯ ಕಡೆ ವಿಜಯದೇವತೆ, ಕಾಲ ಬಳಿ ಹದ್ದಿನ ಮರಿ. ಇದು ಮಗು ನಿದ್ರಿಸಲೆಂದಲ್ಲ, ದರ್ಬಾರಿನ ಜನ ನೋಡಲೆಂದು ಮಾಡಿದ್ದು. ಮೂರೇ ವರ್ಷದಲ್ಲಿ ಸಾಮ್ರಾಜ್ಯ ಕುಸಿಯಿತು. ರಾಜಕುಮಾರ ತಾಯಿಯ ತವರಾದ ವಿಯೆನ್ನಾ ಸೇರಿ, 1832ರಲ್ಲಿ ತನ್ನ 21ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ. ತೊಟ್ಟಿಲು ಅದೇ ಊರಿನ ಅರಮನೆಯ ಖಜಾನೆಯಲ್ಲಿದೆ.

ನಮ್ಮ ಧಾರವಾಡ ಸೀಮೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳೂ ಅಂದಕ್ಕೇ ಹೆಸರಾದವು. ಆದರೆ ಅವುಗಳಲ್ಲಿ ಮಕ್ಕಳು ನಿಜವಾಗಿಯೂ ಮಲಗಿದರು, ಅತ್ತರು, ಒದ್ದೆ ಮಾಡಿದರು.

ಆಧುನಿಕ ವಿನ್ಯಾಸಕಾರರು ತೊಟ್ಟಿಲಿಗೆ ಕೈ ಹಾಕಿದ್ದಕ್ಕೆ ಪ್ರಸಿದ್ಧ ಉದಾಹರಣೆ ಜರ್ಮನಿಯ ಬೌಹೌಸ್ ಶಾಲೆಯ ವಿದ್ಯಾರ್ಥಿ ಪೀಟರ್ ಕೆಲರ್ 1922ರಲ್ಲಿ ಮಾಡಿದ ತೊಟ್ಟಿಲು. ಎರಡು ತುದಿಗೆ ಎರಡು ಬಳೆ, ನಡುವೆ ತ್ರಿಕೋನದ ಒಡಲು. ಹಳದಿ, ಕೆಂಪು, ನೀಲಿ ಬಣ್ಣ. ಉರುಳಿಬಿಡುವಂತೆ ಕಂಡರೂ ತಳದಲ್ಲಿ ಭಾರವಿರುವುದರಿಂದ ಮಗುಚುವುದಿಲ್ಲ. ಜಾಣತನವೇ ಸರಿ. ಆದರೆ ಕೆಳಗೆ ಕಿರಿದಾಗುತ್ತಾ ಹೋಗುವ ಆ ಒಡಲಿನಲ್ಲಿ ಕೂಸನ್ನು ಮಲಗಿಸಲು ನನಗಂತೂ ಧೈರ್ಯ ಬರುವುದಿಲ್ಲ.

ಸುರಕ್ಷತೆಯ ಪ್ರಶ್ನೆಯನ್ನು ಕಾನೂನಿಗೆ ತಂದ ದೇಶಗಳಲ್ಲಿ ಅಮೆರಿಕದ ಕತೆ ಮುಖ್ಯವಾದುದು. ಅಲ್ಲಿ ಸರಳುಗಳ ತೊಟ್ಟಿಲುಗಳಲ್ಲಿ ಮಕ್ಕಳು ಸಾಯುತ್ತಿದ್ದರು. ಅಂತರ ಅಗಲವಿದ್ದರೆ ಮಗುವಿನ ಕಾಲು, ಸೊಂಟ, ಎದೆ ಹೊರಗೆ ಜಾರುತ್ತವೆ. ತಲೆ ಮಾತ್ರ ಒಳಗೆ ಸಿಕ್ಕಿಕೊಳ್ಳುತ್ತದೆ. 1973ರ ನಿಯಮ ಈ ಅಂತರ ಸುಮಾರು 6 ಸೆಂಟಿಮೀಟರ್ ಮೀರಬಾರದೆಂದು ವಿಧಿಸಿತು. ತಂಪು ಪಾನೀಯದ ಡಬ್ಬಿ ಸರಳುಗಳ ನಡುವೆ ತೂರಿದರೆ ಆ ತೊಟ್ಟಿಲು ಬೇಡ ಎಂಬುದು ಅಲ್ಲಿನ ಮನೆಮಾತಿನ ಪರೀಕ್ಷೆ.

ಅಷ್ಟಕ್ಕೇ ಮುಗಿಯಲಿಲ್ಲ. ತಾಯಿಯ ಬೆನ್ನಿಗೆ ಹಿತವಾಗಲೆಂದು ಒಂದು ಬದಿಯನ್ನು ಕೆಳಗಿಳಿಸುವ ತೊಟ್ಟಿಲುಗಳು ಬಹಳ ಜನಪ್ರಿಯವಾಗಿದ್ದವು. ಅನುಕೂಲವೇನೋ ನಿಜ. ಆದರೆ ಕೊಂಡಿ ಮುರಿದರೆ, ತಿರುಪು ಸಡಿಲವಾದರೆ ಆ ಬದಿ ಕಳಚಿಕೊಂಡು, ಹಾಸಿಗೆಗೂ ಅದಕ್ಕೂ ನಡುವೆ ಸಂದಿ ಬೀಳುತ್ತದೆ. ಹೊರಳಿದ ಮಗು ಅದರಲ್ಲಿ ಸಿಲುಕಿ ಉಸಿರುಗಟ್ಟುತ್ತದೆ. 2000ದಿಂದ ಒಂದು ದಶಕದಲ್ಲಿ ಕನಿಷ್ಠ 32 ಶಿಶುಗಳ ಸಾವಿಗೆ ಇದು ಕಾರಣವಾಯಿತೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಲೆಕ್ಕ ಹಾಕಿತು. 2011ರ ಜೂನ್‌ನಿಂದ ಅವುಗಳ ತಯಾರಿಕೆ, ಮಾರಾಟ ಎರಡೂ ನಿಷಿದ್ಧ.

ಇನ್ನು ಒಳಬದಿಗೆ ಕಟ್ಟುವ ಮೆತ್ತೆಯ ಪಟ್ಟಿ. ಸರಳುಗಳ ಅಂತರ ಅಗಲವಿದ್ದ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು. ಅಂತರ ಕಿರಿದಾದ ಮೇಲೆ ಅದರ ಕೆಲಸ ಮುಗಿಯಿತು. ಆದರೂ ಹೂವು, ಕರಡಿ, ಚಂದ್ರನ ಚಿತ್ರ ಹೊತ್ತು ಅಲಂಕಾರವಾಗಿ ಉಳಿಯಿತು. ಮೂತಿ ಅದಕ್ಕೆ ಒತ್ತಿಕೊಂಡರೆ ಎಳೆಯ ಕೂಸಿಗೆ ಮುಖ ತಿರುಗಿಸಲು ಬಲವಿರುವುದಿಲ್ಲ. 2022ರಲ್ಲಿ ಅಮೆರಿಕ ಅದನ್ನೂ ನಿಷೇಧಿಸಿತು. ಇಂದು ವೈದ್ಯರು ಹೇಳುವ ಹಾಸಿಗೆ ತೀರ ಬೋಳು: ಗಟ್ಟಿಯಾದ, ತೊಟ್ಟಿಲಿಗೆ ಸರಿಯಾಗಿ ಕೂರುವ ಹಾಸು, ಅದರ ಮೇಲೊಂದು ಬಿಗಿಯಾದ ಬಟ್ಟೆ, ಅಂಗಾತ ಮಲಗಿದ ಮಗು. ದಿಂಬಿಲ್ಲ, ಬೊಂಬೆಯಿಲ್ಲ.

ಫಿನ್‌ಲೆಂಡ್ ಸರಕಾರ ಬಡ ತಾಯಂದಿರಿಗೆ 1938ರಿಂದಲೂ, ಎಲ್ಲ ತಾಯಂದಿರಿಗೆ 1949ರಿಂದಲೂ ಹೆರಿಗೆ ಸಾಮಗ್ರಿಯನ್ನು ಕೊಡುತ್ತಾ ಬಂದಿದೆ. ಅದು ಬರುವುದು ರಟ್ಟಿನ ಪೆಟ್ಟಿಗೆಯಲ್ಲಿ. ತಳಕ್ಕೆ ಪುಟ್ಟ ಹಾಸು ಹಾಕಿದರೆ ಅದೇ ಮಗುವಿನ ಮೊದಲ ಹಾಸಿಗೆ. ಚಿತ್ತಾರವೂ ಉಂಟು, ಆದರೆ ಪೆಟ್ಟಿಗೆಯ ಹೊರಮೈಯಲ್ಲಿ. ಪೆಟ್ಟಿಗೆ ಬೇಡವೆಂದವರು ಬದಲಿಗೆ ಹಣ ಪಡೆಯಬಹುದು. ಆದರೂ ಚೊಚ್ಚಲ ಹೆರಿಗೆಯವರಲ್ಲಿ ಹೆಚ್ಚಿನವರು ಪೆಟ್ಟಿಗೆಯನ್ನೇ ಆರಿಸಿಕೊಳ್ಳುತ್ತಾರೆ.