ಪಿಗ್ಮಿ ಪುಸ್ತಕದಿಂದ ಆಧಾರ್ ಖಾತೆಯವರೆಗೆ

ಉಡುಪಿ ಕಡೆಯವರಿಗೆ ಪಿಗ್ಮಿ ಅಂದರೆ ಏನೆಂದು ಹೇಳಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಇದನ್ನು ಶುರು ಮಾಡಿತು. ಏಜೆಂಟ್ ಮನೆಗೇ ಬಂದು ದಿನಕ್ಕೆ ಎರಡಾಣೆ ಕೊಟ್ಟರೂ ತೆಗೆದುಕೊಂಡು ಹೋಗುತ್ತಿದ್ದ. ಕಟ್ಟಿದವರ ಕೈಯಲ್ಲೂ ಒಂದು ಪುಸ್ತಕ ಇರುತ್ತಿತ್ತು. ತಪ್ಪಿದರೆ ಮರುದಿನ ಬಾಗಿಲಲ್ಲೇ ಜಗಳ!

ಇನ್ನು ಅಂಗನವಾಡಿ. ಕರ್ನಾಟಕದಲ್ಲಿ ಇದು 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಆರಂಭವಾಯಿತು. ಮೊದಲೆಲ್ಲ ಅಲ್ಲಿ ಕೊಡುತ್ತಿದ್ದದ್ದು ಮುಖ್ಯವಾಗಿ ಆಹಾರ. ಅಳತೆ ಕಡಿಮೆಯಾದರೆ ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ಹಣ ಬಂತು. ಗರ್ಭಿಣಿಯರಿಗೆ ನೇರ ಹಣ ಕೊಡುವ ಕೇಂದ್ರದ ಯೋಜನೆ 2010ರಲ್ಲಿ ಪ್ರಯೋಗಕ್ಕೆಂದು ನಮ್ಮ ರಾಜ್ಯದ ಧಾರವಾಡ, ಕೋಲಾರಕ್ಕೆ ಬಂದಿತ್ತು. 2017ರಲ್ಲಿ ಮಾತೃ ವಂದನಾ ಯೋಜನೆಯಾಗಿ ಎಲ್ಲ ಜಿಲ್ಲೆಗಳಿಗೂ ಬಂತು. ಚೊಚ್ಚಲ ಹೆರಿಗೆಗೆ 5000 ರೂಪಾಯಿ, ಆಗ ಮೂರು ಕಂತಿನಲ್ಲಿ. ಒಂದೊಂದು ಕಂತಿಗೂ ಬೇರೆ ಬೇರೆ ಫಾರಂ.

ಖಾತೆ ಸಂಖ್ಯೆಯ ಮೇಲೆ ಹಣ ಹಾಕಬೇಕಾದರೆ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಬೇಕು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ನಮ್ಮೂರಿನದೇ ಆದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. 2021ರಲ್ಲಿ ಹಳೆಯ ಕೋಡುಗಳು ನಿಂತೇ ಹೋದವು. ಕಾಪು, ಕಾರ್ಕಳ, ಮಣಿಪಾಲ ಎಲ್ಲ ಕಡೆ ಜನರ ಪಾಸ್‌ಬುಕ್ಕಿನಲ್ಲಿದ್ದದ್ದು ಈ ಎರಡು ಬ್ಯಾಂಕುಗಳ ಹೆಸರೇ ಅಲ್ಲವೇ?

ಆಧಾರ್ ಮೂಲಕ ಹಣ ಹಾಕಿದರೆ ಈ ತೊಂದರೆ ಇಲ್ಲ, ಕೋಡೇ ಬೇಡ. ನಾನು ಸಾಫ್ಟ್‌ವೇರ್‌ನವನು, ಈ ಯೋಚನೆ ನನಗೆ ಇಷ್ಟವೇ. ಆದರೆ ಆ ವ್ಯವಸ್ಥೆಯಲ್ಲಿ ಒಂದು ಆಧಾರ್ ಸಂಖ್ಯೆಗೆ ಒಂದೇ ಬ್ಯಾಂಕು, ಅದೂ ಕೊನೆಯದಾಗಿ ಜೋಡಿಸಿದ್ದು! 2017ರಲ್ಲಿ ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿಗೆ ಹೋದದ್ದು ಹೀಗೆಯೇ. ಅಂಥ ಖಾತೆ ತಮಗಿದೆ ಎಂದೇ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಗ್ಯಾಸಿನ ಹಣವಾದರೆ ತಡವಾದರೂ ನಡೆದೀತು, ಬಸುರಿಯ ಊಟದ ಹಣ ಮಗು ನಡೆಯುವ ಹೊತ್ತಿಗೆ ಬಂದರೆ ಏನು ಪ್ರಯೋಜನ ಹೇಳಿ?

2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು. 2025ರ ಜುಲೈಯಿಂದ ಮನೆಗೆ ಒಯ್ಯುವ ಆಹಾರಕ್ಕೆ ಮುಖ ತೋರಿಸುವುದೂ ಕಡ್ಡಾಯವಾಯಿತು. ಇವೆಲ್ಲ ತಾಯಿ ಅಸಲಿಯೋ ನಕಲಿಯೋ ಎಂದು ನೋಡುವ ತಪಾಸಣೆಗಳು. ಹಣ ಎಲ್ಲಿ ಹೋಯಿತು ಎಂದು ಆಕೆ ತಿರುಗಿ ಕೇಳುವ ದಾರಿ ಕಷ್ಟದ್ದು. ಯಾವ ಬ್ಯಾಂಕು ಜೋಡಣೆಯಾಗಿದೆ ಎಂದು ಆಧಾರ್ ಜಾಲತಾಣದಲ್ಲಿ ನೋಡಬಹುದು, ನಿಜ. ಆದರೆ ಓಟಿಪಿ ಬರುವ ಮೊಬೈಲು ಗಂಡನ ಕಿಸೆಯಲ್ಲಿರುತ್ತದೆ, ಗಂಡ ಮುಂಬೈಯಲ್ಲಿರುತ್ತಾನೆ.