ಕೆಂಬೂತಕ್ಕೆ ಹತ್ತಿದ ಮಹಾಪ್ರಾಣ

ಚಾಮರಾಜಪೇಟೆಯ ದರ್ಶಿನಿಯೊಂದರ ಮುಂದೆ, ಜಿಟಿಜಿಟಿ ಮಳೆಗೆ ಹೆದರಿ ಸಜ್ಜದ ಕೆಳಗೆ ಕಾಫಿ ಹಿಡಿದು ನಿಂತಿದ್ದ ಹುಡುಗನೊಬ್ಬ ಗೆಳೆಯನನ್ನು ಕೇಳಿದ: "ರಾತ್ರಿ ಮಲಗ್ಲಿಲ್ವಾ ಮಗಾ? ಕಣ್ಣು ಕೆಂಭೂತದ ಥರ ಇದೆ." ಕೆಂಪು ಭೂತ ಎಂದೇ ಅವನ ಲೆಕ್ಕ. "ಅದಿಕಾರ", "ಅಬಿಮಾನ" ಎಂದು ಬೇಕಾದ ಕಡೆಯೆಲ್ಲ ಉಸಿರು ಉಳಿಸಿಕೊಳ್ಳುವವರು, ಉಳಿಸಿದ್ದನ್ನೆಲ್ಲ ತಂದು ಪಾಪದ ಹಕ್ಕಿಯ ಮೇಲೆ ಸುರಿಯುತ್ತಾರೆ. ಅದೂ ಎಲ್ಲಿ? ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಹೊರತಂದ ಸಾಹಿತ್ಯ ಪರಿಷತ್ತಿಗೆ ಕೂಗಳತೆಯಲ್ಲಿ!

ಆದರೂ ಹುಡುಗನ ಹೋಲಿಕೆ ತಪ್ಪಲ್ಲ, ಅದೇ ತಮಾಷೆ. ಕೆಂಬೂತದ ಕಣ್ಣು ನಿಜವಾಗಿಯೂ ಕೆಂಪು. ಭೂತಕ್ಕೂ ಅದಕ್ಕೂ ಮಾತ್ರ ನೆಂಟಸ್ತಿಕೆಯಿಲ್ಲ. ತಮಿಳರು ಸೆಂಬೋತ್ತು ಎನ್ನುತ್ತಾರೆ, ಮಲಯಾಳಿಗಳು ಚೆಂಬೋತ್ತು. ಮೂರೂ ಒಂದೇ ತಾಯಿಯ ಮಕ್ಕಳೆಂದು ಕಿವಿಯೇ ಹೇಳುತ್ತದೆ. ಮಿಕ್ಕಿದ್ದನ್ನು ಪಂಡಿತರು ನೋಡಿಕೊಳ್ಳಲಿ.

ನನಗೆ ಇಷ್ಟವಾದದ್ದು ಅದರ ಇನ್ನೊಂದು ಹೆಸರು, ಸಂಬಾರ ಕಾಗೆ. ಮಾಗಡಿ ಕಡೆಯ ನಮ್ಮಜ್ಜಿ ಬೇರೆ ಹೆಸರನ್ನೇ ಅರಿಯರು. ಕಾಗೆಯಂತೆ ಕಪ್ಪು ಮೈ, ರೆಕ್ಕೆ ಮಾತ್ರ ಆಗತಾನೆ ಗಿರಣಿಯಿಂದ ಬಂದ ಸಾರಿನ ಪುಡಿಯ ಬಣ್ಣ. ಈ ಹೆಸರಿಟ್ಟವಳು ಧನಿಯ, ಮೆಣಸಿನಕಾಯಿ ಹುರಿದು ಕೈ ಪಳಗಿದ ಹೆಂಗಸೇ ಎಂಬುದು ನನ್ನ ವಾದ. ಹಿಂದೆ ಅದರ ಮಾಂಸವನ್ನು ಕೆಮ್ಮು, ಕ್ಷಯಕ್ಕೆ ಮದ್ದೆಂದು ತಿನ್ನುತ್ತಿದ್ದರು, ಸಂಬಾರ ಬಂದದ್ದು ಅಲ್ಲಿಂದ ಎಂದು ಯಾರಾದರೂ ಪತ್ರ ಬರೆದರೆ ಓದುತ್ತೇನೆ, ಒಪ್ಪುವುದಿಲ್ಲ. ಊರಿಗೆ ಹೊರಟಾಗ ಎದುರಾದರೆ ಅದೇ ಹಕ್ಕಿಗೆ ರತ್ನಪಕ್ಷಿ ಎಂಬ ಬಡ್ತಿ. ಕಂಡರೆ ಶುಭ.

ಇಷ್ಟೆಲ್ಲ ಗೌರವವಿದ್ದೂ ಅದರ ಮಾನ ಕಳೆದದ್ದು ಒಂದು ಗಾದೆ. ನವಿಲು ಕುಣಿಯಿತೆಂದು ಕೆಂಬೂತ ಪುಕ್ಕ ಕೆದರಿತಂತೆ. ಕೆಲವರ ಬಾಯಲ್ಲಿ ಅದು ಪುಕ್ಕ ತರಿದುಕೊಳ್ಳುತ್ತದೆ. ಕೆದರುವುದು ಬೇರೆ, ತರಿಯುವುದು ಬೇರೆ. ಒಂದರಲ್ಲಿ ಹಕ್ಕಿ ನಗೆಪಾಟಲು, ಇನ್ನೊಂದರಲ್ಲಿ ಆತ್ಮಘಾತಕ. ಅಲ್ಲದೆ ಕೆಂಬೂತಕ್ಕೆ ಯಾರನ್ನೂ ಅನುಕರಿಸುವ ಚಾಳಿಯಿಲ್ಲ. ಕೋಗಿಲೆಯ ಕುಲದಲ್ಲಿ ಹುಟ್ಟಿಯೂ ಕಾಗೆಯ ಗೂಡಿಗೆ ಮೊಟ್ಟೆ ಸಾಗಿಸದೆ ಪೊದೆಯೊಳಗೆ ತನ್ನದೇ ಗೂಡು ಕಟ್ಟಿ ಮರಿ ಮಾಡುತ್ತದೆ. ಹಾರಾಟ ಅಷ್ಟಕ್ಕಷ್ಟೆ. ಬೇಲಿಯ ಬುಡದಲ್ಲಿ ನಡೆದಾಡಿಕೊಂಡು, ಗುಡಾಣದೊಳಗಿಂದ ಬಂದಂಥ ದನಿಯಲ್ಲಿ ಊಪ್ ಊಪ್ ಎನ್ನುತ್ತಿರುತ್ತದೆ. ನವಿಲಿನ ಕಡೆ ಕತ್ತೆತ್ತಿ ನೋಡುವ ಪೈಕಿಯೇ ಅಲ್ಲ.

ಹಾಗಾದರೆ ಗಾದೆ ಎಲ್ಲಿಂದ ಬಂತು? ಇದಕ್ಕೆಲ್ಲ ಕಾರಣ ನಮ್ಮ ಸೀಮೆಯ ಹವೆ. ಬೆಳಿಗ್ಗೆ ಎಳೆಬಿಸಿಲು, ಮಧ್ಯಾಹ್ನಕ್ಕೆ ಮೋಡ, ಒಂದು ಗಳಿಗೆ ದಪ್ಪ ಹನಿ, ಮತ್ತೆ ಸುಳ್ಳೇ ಸುಳ್ಳು ಎನ್ನುವ ಹಾಗೆ ಬಿಸಿಲು. (ಇದಕ್ಕೆ ಈಗಿನವರು "ವೆದರ್ ಸಖತ್ತಾಗಿದೆ" ಎನ್ನುತ್ತಾರೆ. ಮೋಡಕ್ಕೂ ಅದೇ, ಬಿಸಿಲಿಗೂ ಅದೇ, ಆಲಿಕಲ್ಲು ಬಿದ್ದರೂ ಅದೇ.) ಮೋಡ ಕವಿದಾಗ ದಿಣ್ಣೆಯ ಮೇಲೆ ನವಿಲು ಗರಿಗೆದರಿತು. ಮಳೆ ಬಂತು, ಹೋಯಿತು. ಬಿಸಿಲು ಬಿದ್ದೊಡನೆ ಕೆಂಬೂತ ಪೊದೆಯ ನೆತ್ತಿಗೇರಿ ಎರಡೂ ರೆಕ್ಕೆ ಅಗಲಿಸಿ ಮೈ ಒಣಗಿಸಲು ಕೂತಿತು. ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವುದು ಅದರ ನಿತ್ಯದ ಅಭ್ಯಾಸ, ಲಾಲ್‌ಬಾಗಿನಲ್ಲೂ ನೋಡಬಹುದು. ಅವರೆ ಹೊಲದ ಬದುವಿನಲ್ಲಿ ಮಳೆಗೆ ಕೊಪ್ಪೆ ಹಾಕಿಕೊಂಡು ಕೂತಿದ್ದ ಯಾವನೋ ಎರಡನ್ನೂ ಒಂದರ ಹಿಂದೊಂದು ಕಂಡ. ಒಂದು ಕುಣಿತ, ಇನ್ನೊಂದು ಬಟ್ಟೆ ಒಣಹಾಕುವ ಕೆಲಸ ಎಂಬ ಭೇದ ಅವನಿಗೆ ತೋಚಲಿಲ್ಲ. ಸಂಜೆ ಅರಳಿಕಟ್ಟೆಯಲ್ಲಿ ಬಾಯಿಬಿಟ್ಟ. ಗಾದೆಯಾಯಿತು.

ಗಾದೆಗೆ ಮೇಲ್ಮನವಿಯಿಲ್ಲ. ವಿಧಾನಸಭೆಯ ಜಗಳದಿಂದ ಮದುವೆ ಮನೆಯ ಪಿಸುಮಾತಿನವರೆಗೆ ಅಣಕಿಸಬೇಕಾದಾಗಲೆಲ್ಲ ಕೆಂಬೂತವೇ ಬೇಕು. ನವಿಲಿಗೆ 1963ರಲ್ಲಿ ರಾಷ್ಟ್ರಪಕ್ಷಿಯ ಪಟ್ಟವೂ ಸಿಕ್ಕಿತು. ಈಗ ಊರಿಗೆ ಹೋದರೆ ನವಿಲಿನ ಹಿಂಡು ರಾಗಿ ಹೊಲಕ್ಕೆ ನುಗ್ಗಿ ತೆನೆ ಉದುರಿಸುತ್ತದೆ ಎಂದು ರೈತರು ಬೈದುಕೊಳ್ಳುತ್ತಾರೆ. ಅದೇ ಬದುವಿನಲ್ಲಿ ಹುಳುಹುಪ್ಪಟೆ, ಬಸವನಹುಳು ಹೆಕ್ಕಿ ತಿನ್ನುವ ಸಂಬಾರ ಕಾಗೆಯ ಮೇಲೆ ಯಾರದೂ ದೂರಿಲ್ಲ.