ಕಡಲು ದಾಟಿದ ಗಡಿಯಾರಗಳು

ಬೆಲೆಬಾಳುವ ಗಡಿಯಾರದೊಂದಿಗೆ ದೇಶದಿಂದ ದೇಶಕ್ಕೆ ಪ್ರಯಾಣಿಸುವುದು ವಿಮಾನಗಳ ಕಾಲದ ಹೊಸ ಸಂಗತಿಯೇನಲ್ಲ. ಕ್ರಿ.ಶ. 807ರಲ್ಲಿ ಬಗ್ದಾದಿನ ಖಲೀಫ ಹಾರೂನ್ ರಶೀದರ ರಾಯಭಾರಿಗಳು ಫ್ರಾಂಕರ ದೊರೆ ಶಾರ್ಲಮೇನನಿಗೆ ಹಿತ್ತಾಳೆಯ ಜಲಗಡಿಯಾರವೊಂದನ್ನು ಉಡುಗೊರೆಯಾಗಿ ಒಯ್ದರು. ಗಂಟೆಯಾದಾಗ ಗುಂಡುಗಳು ಉದುರಿ ನಾದ ಹೊಮ್ಮುತ್ತಿತ್ತು. ಕಿಟಕಿಗಳಿಂದ ಹನ್ನೆರಡು ಕುದುರೆ ಸವಾರರು ಹೊರಬರುತ್ತಿದ್ದರು. ಫ್ರಾಂಕರ ರಾಜವೃತ್ತಾಂತ ಇದನ್ನು ಬೆರಗಿನಿಂದ ದಾಖಲಿಸಿದೆ. ಅಂದು ಗಡಿಯಾರ ಪೂರ್ವದಿಂದ ಪಶ್ಚಿಮಕ್ಕೆ ಹೋಗಿತ್ತು.

ಏಳು ಶತಮಾನಗಳ ಬಳಿಕ ದಿಕ್ಕು ಬದಲಾಯಿತು. 1547ರ ಒಪ್ಪಂದದಂತೆ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆ ಉಸ್ಮಾನಿ ಸುಲ್ತಾನ ಸುಲೈಮಾನರಿಗೆ ವರ್ಷಕ್ಕೆ 30,000 ಚಿನ್ನದ ನಾಣ್ಯಗಳ ಕಪ್ಪ ಕೊಡಬೇಕಿತ್ತು. ಅದರೊಂದಿಗೆ ಜರ್ಮನ್ ನಾಡಿನ ಕುಶಲಕರ್ಮಿಗಳು ಮಾಡಿದ ಯಾಂತ್ರಿಕ ಗಡಿಯಾರಗಳೂ ಇಸ್ತಾಂಬುಲ್‌ಗೆ ಹೋದವು. ದೀರ್ಘ ಪ್ರಯಾಣದ ಕುಲುಕಾಟಕ್ಕೆ ಅವು ಕೆಡುತ್ತಿದ್ದವು. ಹಾಗಾಗಿ ಗಡಿಯಾರದ ಜೊತೆ ಅದನ್ನು ರಿಪೇರಿ ಮಾಡುವವನನ್ನೂ ಕಳುಹಿಸಬೇಕಾಗುತ್ತಿತ್ತು.

1599ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಸುಲ್ತಾನ ಮೂರನೇ ಮುಹಮ್ಮದರಿಗೆ ಕಳುಹಿಸಿದ ಉಡುಗೊರೆಯ ಕಥೆಯೂ ಇದೇ. ಅದು ಗಡಿಯಾರವನ್ನು ಅಳವಡಿಸಿದ್ದ, ತಾನಾಗಿಯೇ ನುಡಿಯುವ ಆರ್ಗನ್ ವಾದ್ಯ. ಹೆಕ್ಟರ್ ಎಂಬ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಇಸ್ತಾಂಬುಲ್ ತಲುಪಿದಾಗ ಸೆಕೆಗೆ ಅಂಟು ಬಿಟ್ಟಿತ್ತು, ಕೊಳವೆಗಳು ಜಜ್ಜಿಹೋಗಿದ್ದವು. ಜೊತೆಗೆ ಬಂದಿದ್ದ ಥಾಮಸ್ ಡಾಲಮ್ ಅದನ್ನು ಸರಿಪಡಿಸಿ ಸುಲ್ತಾನರ ಮುಂದೆ ನುಡಿಸಿದ. ಅರಮನೆಯವರು ಅವನನ್ನು ಅಲ್ಲೇ ಉಳಿಸಿಕೊಳ್ಳಲು ಬಯಸಿದರು. ಊರಿನಲ್ಲಿ ಹೆಂಡತಿ ಮಕ್ಕಳಿದ್ದಾರೆಂದು ಸುಳ್ಳು ಹೇಳಿ ಅವನು ಮರಳಿದ. ವಾದ್ಯಕ್ಕಿಂತ ವಾದ್ಯ ಬಲ್ಲವನು ದೊಡ್ಡ ಸಂಪತ್ತೆಂದು ಅರಮನೆಗೂ ತಿಳಿದಿತ್ತು.

ಹಾಗಾದರೆ ಆ ನಗರದಲ್ಲಿ ಗಡಿಯಾರ ಬಲ್ಲವರೇ ಇರಲಿಲ್ಲವೇ? ಇದ್ದರು. ದಮಾಸ್ಕಸ್‌ನಲ್ಲಿ ಹುಟ್ಟಿದ ತಕೀಯುದ್ದೀನ್ ಯಾಂತ್ರಿಕ ಗಡಿಯಾರಗಳ ಕುರಿತು ಅರಬಿಯಲ್ಲಿ ಗ್ರಂಥವನ್ನೇ ಬರೆದಿದ್ದರು. ಇಸ್ತಾಂಬುಲ್‌ನ ವೀಕ್ಷಣಾಲಯದಲ್ಲಿ ನಕ್ಷತ್ರಗಳನ್ನು ಅಳೆಯಲು ಗಡಿಯಾರವನ್ನು ಬಳಸಿದರು. ಆ ವೀಕ್ಷಣಾಲಯವನ್ನು 1580ರಲ್ಲಿ ಕೆಡವಲಾಯಿತು. ಆಸ್ಥಾನದ ರಾಜಕೀಯ, ಕೆಲವು ಧಾರ್ಮಿಕ ಮುಖಂಡರ ವಿರೋಧ ಎಂದು ಕಾರಣಗಳನ್ನು ಹೇಳುತ್ತಾರೆ. ಧರ್ಮಕ್ಕೂ ಗಡಿಯಾರಕ್ಕೂ ಹಗೆ ಎಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ನಮಾಝಿನ ಹೊತ್ತನ್ನು ಲೆಕ್ಕ ಹಾಕುವ ಮುವಕ್ಕಿತರು ಮಸೀದಿಗಳ ಪಕ್ಕದಲ್ಲೇ ಇದ್ದರು. ಆದರೆ ವಿದ್ಯೆ ಬೆಳೆಯಲು ಒಬ್ಬ ವಿದ್ವಾಂಸ ಸಾಲದು. ಅವನಿಂದ ಕಲಿಯುವವರು ಬೇಕು, ಕಲಿಸುವ ಮನೆ ಬೇಕು. ಆ ಮನೆ ಉರುಳಿತು, ಆಮದು ಮುಂದುವರಿಯಿತು. 1705ರಿಂದ 1711ರವರೆಗೆ ಸುಲ್ತಾನರ ಅರಮನೆಯ ಗಡಿಯಾರಗಳನ್ನು ನೋಡಿಕೊಂಡವನು ಜಿನೀವಾದಿಂದ ಬಂದ ಐಸಾಕ್ ರೂಸೋ. ಮುಂದೆ ಜಗತ್ಪ್ರಸಿದ್ಧನಾದ ಚಿಂತಕ ರೂಸೋನ ತಂದೆ.

ಈ ಅವಲಂಬನೆಯ ಬೆಲೆಯನ್ನು ಅರಿತ ಒಬ್ಬ ದೊರೆ ನಮ್ಮ ನಾಡಿನಲ್ಲಿದ್ದರು. 1786ರಲ್ಲಿ ಟಿಪ್ಪು ಸುಲ್ತಾನರ ರಾಯಭಾರಿಗಳು ನಾಲ್ಕು ಹಡಗುಗಳಲ್ಲಿ ಇಸ್ತಾಂಬುಲ್‌ನತ್ತ ಹೊರಟರು. ಬಂದೂಕು, ಗಾಜು, ಗಡಿಯಾರಗಳನ್ನು ಮಾಡಬಲ್ಲವರನ್ನು ಕರೆತರಬೇಕೆಂಬುದು ಅವರಿಗಿದ್ದ ಆದೇಶಗಳಲ್ಲೊಂದು. ರೋಗರುಜಿನ, ಕಡಲಿನ ಅಪಾಯಗಳಿಗೆ ಸಿಲುಕಿ, ಹೋದವರಲ್ಲಿ ಬಹುಪಾಲು ಜನ ಮರಳಲಿಲ್ಲ. ಆದರೂ ಟಿಪ್ಪು ಬಿಡಲಿಲ್ಲ. 1788ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಹದಿನಾರನೇ ಲೂಯಿಯನ್ನು ಕಂಡ ಅವರ ಇನ್ನೊಂದು ನಿಯೋಗ ಕೇಳಿದ ಕುಶಲಕರ್ಮಿಗಳ ಪಟ್ಟಿಯಲ್ಲೂ ಗಡಿಯಾರ ತಯಾರಕರಿದ್ದರು. 1799ರಲ್ಲಿ ಶ್ರೀರಂಗಪಟ್ಟಣದ ಪತನದೊಂದಿಗೆ ಆ ಕನಸೂ ಮುಗಿಯಿತು. ಆದರೆ ಟಿಪ್ಪು ಕೇಳಿದ್ದು ಏನನ್ನು ಎಂಬುದನ್ನು ನಾವು ಮರೆಯಬಾರದು. ಅವರು ಗಡಿಯಾರವನ್ನಷ್ಟೇ ಅಲ್ಲ, ಗಡಿಯಾರ ಮಾಡುವ ಕೈಗಳನ್ನು ಕೇಳಿದ್ದರು.

ಇಂದು ಗಲ್ಫ್‌ನಿಂದ ಮರಳುವ ನಮ್ಮವರ ಮಣಿಕಟ್ಟಿನಲ್ಲಿ ದುಬಾರಿ ವಾಚುಗಳು ಮಿನುಗುತ್ತವೆ. ದುಡಿದು ಕೊಂಡದ್ದು, ಸಂತೋಷವೇ. ಆದರೆ ವಸ್ತುವನ್ನು ಹಣ ಕೊಟ್ಟು ತರಬಹುದು. ವಿದ್ಯೆಯನ್ನು ಕಲಿತೇ ತರಬೇಕು. ಕಡಲು ದಾಟಿ ಹೋಗುವ ನಮ್ಮ ಮಕ್ಕಳು ಮರಳುವಾಗ ಕೈಯಲ್ಲಿ ಏನಿದೆ ಎಂದು ಕೇಳುತ್ತೇವೆ. ಆ ಕೈ ಏನನ್ನು ಕಲಿತಿದೆ ಎಂದು ಕೇಳುವುದು ಯಾವಾಗ?